ಹದಿನಾಲ್ಕು ಕಿಲೋದ ಪರೀಕ್ಷೆ

ಟಪಾಲಮ್ಮನ ಎಡ ಮೊಣಕಾಲು ಅವಳಿಗಿಂತ ಆರು ವರ್ಷ ಮೊದಲೇ ನಿವೃತ್ತಿ ಕೇಳಿತು. ಇಪ್ಪತ್ತೆರಡು ವರ್ಷ ಅವಳು ಒಂದೇ ಬೀಟಿನಲ್ಲಿ ಸೈಕಲ್ ತುಳಿದು ಕಾಗದ ಹಂಚಿದ್ದಳು: ಕೆಳಗಿನ ಏಳು ಬೀದಿ, ಗುಡ್ಡದ ಮೇಲಿನ ನಾಲ್ಕು ಬೀದಿ. ಅಷ್ಟೂ ಬೀದಿಗಳಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೋ ಮೂವರೋ. ಮಿಕ್ಕವರಿಗೆಲ್ಲ, ಬರಬರುತ್ತ ಗಂಡನಿಗೂ, ಅವಳು ಟಪಾಲಮ್ಮ.

ಮೇಲಧಿಕಾರಿ ಒಳ್ಳೆಯ ಮನುಷ್ಯ. ಡಾಕ್ಟರ ಚೀಟಿ ಓದಿ, ತಾನೇ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟ.

"ನೋಡಿ, ಕೌಂಟರಲ್ಲಿ ಒಂದು ಜಾಗ ಖಾಲಿ ಆಗ್ತಿದೆ. ಫ್ಯಾನಿನ ಕೆಳಗೆ ಕೂತು ಮಾಡೋ ಕೆಲಸ. ಬಲವಂತ ಇಲ್ಲ. ಬೀಟೋ ಕೌಂಟರೋ, ಒಂದನೇ ತಾರೀಕಿನೊಳಗೆ ಬರೆದು ತಿಳಿಸಿ."

ಕೌಂಟರಿನ ಕೆಲಸ ಅವಳಿಗೆ ಹೊಸದಲ್ಲ. ಯಾರದೋ ರಜೆಯಲ್ಲಿ ಎರಡು ವಾರ ಅಲ್ಲಿ ಕೂತಿದ್ದಳು. ಗಾಜಿನಲ್ಲಿ ಅರ್ಧಚಂದ್ರದ ಒಂದು ತೂತು; ಅದರಲ್ಲಿ ಕೈಗಳು ಬರುತ್ತಿದ್ದವು, ಹೋಗುತ್ತಿದ್ದವು. ಮಗು ಹುಟ್ಟಿದ ಮನೆ ಯಾವುದು, ಅತ್ತೆ ಸೊಸೆ ಮಾತುಬಿಟ್ಟ ಮನೆ ಯಾವುದು ಎಂಬುದು ಬರೀ ಕೈ ನೋಡಿದರೆ ತಿಳಿಯುವುದಿಲ್ಲ. ಆ ಎರಡು ವಾರ ಅವಳ ನಾಲಿಗೆಗೆ ತುಕ್ಕು ಹಿಡಿದ ಹಾಗಾಗಿತ್ತು.

ಹಾಗೆಂದು ಕಾಲಿಲ್ಲದೆ ಬೀಟು ಹಿಡಿದು ಕೂರುವುದು ಬರೀ ಹಟ, ಅದೂ ಅವಳಿಗೆ ಗೊತ್ತು. ಅದಕ್ಕೇ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಳು. ದಿನದ ಟಪಾಲು ಚೀಲದ ತೂಕ ಹದಿನಾಲ್ಕು ಕಿಲೋ. ಅಷ್ಟೇ ತೂಕ ಹೇರಿಕೊಂಡು ಹತ್ತು ದಿನ ಸೈಕಲ್ ತುಳಿಯುವುದು. ಕಾಲು ತಡೆದರೆ ಬೀಟು, ತಡೆಯದಿದ್ದರೆ ಕೌಂಟರು.

ದಾರಿ ಹುಡುಕಿದವನು ಗಂಡ. ಅವನು ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿ ಹಿಂದಿನ ವರ್ಷ ನಿವೃತ್ತನಾಗಿದ್ದ. ಕೊನೆಯ ನಿಲ್ದಾಣದಲ್ಲಿ ತಿರುಗಿಸಿ ಮತ್ತೆ ಬಂದ ದಾರಿಗೇ ಬರಬೇಕಾಗಿಲ್ಲದ ಒಂದು ರಸ್ತೆಯಲ್ಲಿ ಹೋಗಬೇಕೆಂಬುದು ಅವನ ಬಹಳ ದಿನದ ಆಸೆ. ನಾನೂರ ಅರವತ್ತು ಕಿಲೋಮೀಟರು, ಹಳ್ಳಿಗಾಡಿನ ದಾರಿ, ಸಮುದ್ರದವರೆಗೆ. ಮಲಗುವುದಕ್ಕೆ ಟೆಂಟು. ವಾಪಸು ರೈಲಿನಲ್ಲಿ.

"ಅತ್ತಿಗೆ, ಮಂಡಿ ನೋವು ಅಂತ ಡಾಕ್ಟರ ಹತ್ರ ಹೋದವಳು ನೀನು. ಅವರು ಸಮುದ್ರದ ತನಕ ಸೈಕಲ್ ತುಳಿ ಅಂತ ಬರ್ಕೊಟ್ರಾ?" ಎಂದಳು ನಾದಿನಿ. "ಇನ್ನು ನಮ್ಮಣ್ಣನೋ, ಬಸ್ಸಿನ ಸೀಟು ಬಿಟ್ಟು ಬೇರೆ ಯಾವುದರ ಮೇಲೂ ಕೂತವನೇ ಅಲ್ಲ."

"ಅದಕ್ಕೇ ಸೈಕಲ್ ಸೀಟಿಗೆ ಸ್ಪಂಜು ಹಾಕಿಸಿದೀನಿ ಕಣೇ" ಎಂದ ಅಣ್ಣ.

ನಾದಿನಿ ಬೈಯುತ್ತಲೇ ಒಳಗೆ ಹೋಗಿ ಇಬ್ಬರಿಗೂ ಒಂದೊಂದು ಜೊತೆ ಉಣ್ಣೆಯ ಕಾಲುಚೀಲ ತಂದುಕೊಟ್ಟಳು.

ಹೊರಡುವ ಮುನ್ನಾದಿನ ಟಪಾಲಮ್ಮ, ಹಿಂದಿನ ಚಕ್ರದ ಎರಡೂ ಬದಿಗೆ ನೇತುಬೀಳುವ ತನ್ನ ಜೋಡಿಚೀಲವನ್ನು ಆಫೀಸಿಗೆ ಒಯ್ದು ಪಾರ್ಸೆಲ್ ತಕ್ಕಡಿಯ ಮೇಲಿಟ್ಟಳು. ಸ್ಟವ್, ರಿಪೇರಿ ಸಾಮಾನು, ಟೆಂಟಿನ ಕಬ್ಬಿಣದ ಗೂಟಗಳು, ಪಾತ್ರೆ, ಅಕ್ಕಿ, ಬಟ್ಟೆ. ನಾನೂರು ಗ್ರಾಂ ಕಡಿಮೆ ಬಂತು. ಒಂದು ಸಣ್ಣ ಬಾಟಲಿಯಲ್ಲಿ ನೀರು ತುಂಬಿ ಇಟ್ಟಳು. ಈಗ ಸರಿಯಾಗಿ ಹದಿನಾಲ್ಕು. ಇದು ಯಾಕೆ ಎಂಬುದನ್ನು ಗಂಡನಿಗೂ ಹೇಳಿದಳು. ಅವನು ತಲೆಯಾಡಿಸಿದ.

ದಾರಿಯಲ್ಲಿ ಇಬ್ಬರ ಕೆಲಸವೂ ತಾನಾಗಿಯೇ ಹಂಚಿಹೋಯಿತು. ಸಂಜೆಯಾದರೆ ಯಾರ ಗೇಟು ತಟ್ಟಬೇಕು, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ, ಇವೆಲ್ಲ ಅವಳ ವಿದ್ಯೆ. ಅವಳು ಹೋಗಿ ಜಾಗ ಕೇಳಿ, ನೀರು ತರುವಷ್ಟರಲ್ಲಿ ಗಂಡ ಸಾಮಾನು ಇಳಿಸಿ ಟೆಂಟು ಹೊಡೆದಿರುತ್ತಿದ್ದ. ಬೆಳಿಗ್ಗೆ ಅವನಿಗೆ ಡಿಪೋದ ಅಭ್ಯಾಸ. ಅವಳು ಏಳುವ ಮೊದಲೇ ಎದ್ದು ಎರಡೂ ಸೈಕಲ್ಲಿನ ಗಾಳಿ, ಬ್ರೇಕು, ನಟ್ಟು ನೋಡಿ, ಚೀಲಗಳನ್ನು ತುಂಬಿ ಪಟ್ಟಿ ಬಿಗಿದು ಸಿದ್ಧವಾಗಿಡುತ್ತಿದ್ದ.

ಅವಳು ಅದನ್ನು ಬಿಚ್ಚಿ ನೋಡುತ್ತಿರಲಿಲ್ಲ. ಟಪಾಲಿನವರಲ್ಲಿ ಅದೊಂದು ಕಟ್ಟುಪಾಡು: ಒಬ್ಬರು ಕಟ್ಟಿದ ಚೀಲವನ್ನು ಸೇರಬೇಕಾದ ಜಾಗ ಸೇರುವ ಮುಂಚೆ ಇನ್ನೊಬ್ಬರು ಬಿಚ್ಚುವ ಹಾಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ನಿಯಮ ಅವಳ ಬೆರಳಿಗೇ ಇಳಿದುಬಿಟ್ಟಿತ್ತು.

ಮೊದಲ ದಿನ ಕಷ್ಟವಾಯಿತು. ಸಂಜೆ ಒಂದು ಕೋಳಿಫಾರಮ್ಮಿನ ಹಿಂದೆ ಇಳಿದಾಗ ಮೊಣಕಾಲು ಬನ್ನಿನಂತೆ ಊದಿತ್ತು. ಫಾರಮ್ಮಿನ ಯಜಮಾನಿ ಕಾಲನ್ನು ನೋಡಿದಳು; ಒಂದು ಬಕೆಟ್ ಬಿಸಿನೀರನ್ನೂ ಮಗ್ಗನ್ನೂ ಟೆಂಟಿನ ಬಳಿ ಇಟ್ಟು ಹೋದಳು. ಎರಡನೆಯ ದಿನ ತುಸು ಹಗುರ. ಮೂರನೆಯ ದಿನ ಶಾಲೆಯೊಂದರ ಕಾವಲುಗಾರ ಗಾಳಿ ಜೋರಾಗಿದೆಯೆಂದು ತಾನೇ ಕೂಗಿ ಕರೆದು ಜಗಲಿಯಲ್ಲಿ ಜಾಗ ಕೊಟ್ಟ. ಆ ಸಂಜೆ ಅವಳು ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದಳು. ಐದನೆಯ ದಿನದ ಹೊತ್ತಿಗೆ ಏರು ಬಂದರೂ ಅವಳೇ ಮುಂದೆ.

"ಏನ್ರೀ, ಬಸ್ಸು ಕೆಟ್ಟು ನಿಂತಿದ್ಯಾ?" ಎಂದು ದಿಬ್ಬದ ಮೇಲಿಂದ ಕೂಗುತ್ತಿದ್ದಳು.

ಗಂಡ ಕೆಂಪಗಾಗಿ, ಬೆವರಿಳಿಸಿಕೊಂಡು, ಉಸಿರು ಕಟ್ಟಿ ಬರುತ್ತಿದ್ದ. "ಎದುರುಗಾಳಿ ಕಣೇ."

"ನನಗಿಲ್ಲದ ಗಾಳಿ ನಿಮಗೆಲ್ಲಿಂದ ಬಂತು?"

"ನೀನು ಸಣ್ಣಗಿದೀಯ. ಗಾಳಿಗೆ ಕಾಣಿಸಲ್ಲ."

ಆರನೆಯ ದಿನ ಮಧ್ಯಾಹ್ನ ಒಂದು ಹಳ್ಳಿಯಲ್ಲಿ ಅಂಚೆ ಕಚೇರಿ ಕಂಡಿತು: ಒಂದೇ ಕೋಣೆ, ಒಂದು ಮೇಜು, ಒಂದು ತಕ್ಕಡಿ. ಅವಳ ಮನಸ್ಸು ಆಗಲೇ ಗಟ್ಟಿಯಾಗಿತ್ತು. ಇನ್ನು ನಾಲ್ಕು ದಿನ ಕಾಯುವುದೇಕೆ, ಇಲ್ಲಿಂದಲೇ "ಬೀಟು" ಎಂದು ಬರೆದು ಹಾಕಿಬಿಡೋಣವೆಂದು ಒಳಗೆ ಹೋದಳು. ಗಂಡ ಹಿಂದಿನಿಂದ, "ಊಟದ ಹೊತ್ತು, ಮುಚ್ಚಿರ್ತಾರೆ ಬಿಡೇ" ಎಂದ. ಬಾಗಿಲು ಹಾರು ಹೊಡೆದಿತ್ತು.

ಮೇಜಿನ ಹಿಂದಿನ ಪೋಸ್ಟ್‌ಮಾಸ್ಟರು ಬೋಳುತಲೆಯ ನಿಧಾನಸ್ಥ. ಅವಳೂ ಅದೇ ಇಲಾಖೆಯವಳೆಂದು ತಿಳಿದ ಕೂಡಲೇ ತನ್ನ ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿದ.

"ಆರು ದಿನ ಆಯ್ತು ಸಾರ್, ಹದಿನಾಲ್ಕು ಕಿಲೋ ಹೇರ್ಕೊಂಡು ತುಳೀತಿದೀನಿ. ಮೊದಲ ದಿನ ಬಿಟ್ರೆ ಈ ಮಂಡಿ ಒಂದು ಮಾತಾಡಿಲ್ಲ" ಎಂದಳು.

"ಭೇಷ್" ಎಂದ ಆತ. ಬಾಗಿಲಾಚೆ ನಿಂತ ಸೈಕಲ್ಲನ್ನು ಕುತೂಹಲದಿಂದ ನೋಡಲು ಎದ್ದುಹೋದ. ನಲವತ್ತು ವರ್ಷ ಚೀಲ ಎತ್ತಿದ ಕೈ. ಅಭ್ಯಾಸಬಲದಿಂದ ಜೋಡಿಚೀಲದ ಹಿಡಿಕೆಗೆ ಬೆರಳು ಹಾಕಿ ಮೇಲೆತ್ತಿದ. "ಇದಾ ಹದಿನಾಲ್ಕು? ಅಕ್ಕಾ, ನಿಮ್ಮೂರಲ್ಲಿ ಕಿಲೋಗೆ ಎಷ್ಟು ಗ್ರಾಮು?"

ಅವಳು ನಕ್ಕು, ಚೀಲ ಕಳಚಿ ತಂದು ತಕ್ಕಡಿಯ ಮೇಲೆ ಇಟ್ಟಳು. ಎಂಟು ಕಿಲೋ ಐನೂರು.

ಪೋಸ್ಟ್‌ಮಾಸ್ಟರು ತಕ್ಕಡಿಯನ್ನೊಮ್ಮೆ ತಟ್ಟಿದ. ಅದೇ ಎಂಟೂವರೆ. ಅವಳ ಮುಖ ನೋಡಿ, ತನಗೆ ಒಳಗೇನೋ ಕೆಲಸವಿದೆಯೆಂದು ಗೊಣಗಿ ಹಿಂಬಾಗಿಲಿಂದ ಹೊರಗೆ ಹೋದ. ಆ ಕಚೇರಿಗೆ ಒಳಗು ಎಂಬುದೇ ಇರಲಿಲ್ಲ.

ಅವಳು ಪಟ್ಟಿ ಬಿಚ್ಚಿದಳು. ಒಂದು ಕಡೆ ಗಂಡನ ಎರಡು ಜರ್ಕಿನ್, ಟವೆಲ್ಲು, ಗಾಳಿದಿಂಬು, ಅದರಲ್ಲಿ ಗಾಳಿ ತುಂಬಿದ್ದೇ. ಇನ್ನೊಂದು ಕಡೆ ಅವಳ ಬಟ್ಟೆ, ಅರ್ಧ ಅಕ್ಕಿ, ಒಂದು ಪಾತ್ರೆ. ಸ್ಟವ್ ಇಲ್ಲ. ಗೂಟ ಇಲ್ಲ. ರಿಪೇರಿ ಸಾಮಾನಿಲ್ಲ.

ಗಂಡ ಬಾಗಿಲಲ್ಲಿ ನಿಂತಿದ್ದ.

"ಯಾವತ್ತಿನಿಂದ?" ಎಂದಳು.

"ಎರಡನೇ ದಿನ ಸ್ಟವ್ ಮಾತ್ರ ಕಣೇ. ಹಿಂದಿನ ಸಂಜೆ ನೀನು ಕೋಳಿಶೆಡ್ಡಿನ ಗೋಡೆ ಹಿಡ್ಕೊಂಡು ನಡೆದೆಯಲ್ಲ."

"ಆಮೇಲೆ?"

"ಆಮೇಲೆ ಗೂಟ. ಆಮೇಲೆ ಸ್ಪ್ಯಾನರು. ನೀನು ಖುಷಿಯಾಗಿದ್ದೆ. ಇನ್ನೊಂಚೂರು ತೆಗೆದ್ರೆ ಇನ್ನೊಂಚೂರು ಖುಷಿಯಾಗ್ತಿದ್ದೆ."

"ದಿಂಬಿಗೆ ಗಾಳಿ ಬೇರೆ ತುಂಬಿದೀರ."

"ಚೀಲ ಸೊರಗಿದ ಹಾಗೆ ಕಾಣಬಾರದಲ್ಲ."

ಅವಳು ಹೊರಗೆ ಹೋಗಿ ಅವನ ಚೀಲ ಎತ್ತಲು ನೋಡಿದಳು. ಎರಡೂ ಕೈ ಹಾಕಿದರೂ ಅದು ಅಲ್ಲಾಡಲಿಲ್ಲ. ಅರವತ್ತೊಂದು ವರ್ಷದ ಮನುಷ್ಯ ನಾಲ್ಕು ದಿನದಿಂದ ಇದನ್ನು ಹೇರಿಕೊಂಡು ಎದುರುಗಾಳಿ ಎಂದು ಹೇಳುತ್ತ ಬಂದಿದ್ದ. ಅವಳಿಗೆ ಕನಿಕರವೇನೋ ಬಂತು. ಆದರೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂದು ಜಾಗ ಹಿಡಿದಿತ್ತು.

"ನಾನು ಪರೀಕ್ಷೆಗೆ ಕೂತಿದ್ದೆ. ನೀವು ಹಿಂದಿನಿಂದ ಉತ್ತರ ಬರೆದುಕೊಟ್ರಿ" ಎಂದಳು. "ಮೂಗಿಗಿಂತ ಮೂಗುತಿ ಭಾರ ಆಗಿದ್ಯಾ ಅಂತ ತಿಳ್ಕೋಬೇಕಾದವಳು ನಾನು. ಇವತ್ತು ಈ ಕಾಗದ ಹಾಕಿಬಿಟ್ಟಿದ್ರೆ? ಮುಂದಿನ ತಿಂಗಳು ಗುಡ್ಡದ ಮಧ್ಯೆ ಮಂಡಿ ಹಿಡ್ಕೊಂಡ್ರೆ, ಆಗಲೂ ಹಿಂದೆ ಬಂದು ಕಾಗದ ತೆಕ್ಕೊಳ್ತಿದ್ರಾ?"

"ಬರ್ತಿದ್ದೆ" ಎಂದ ಗಂಡ. ತನ್ನ ಚೀಲದ ಕಡೆ ನೋಡಿ, "ತಪ್ಪಾಯ್ತು" ಎಂದ.

ಆ ಸಂಜೆ ಟೆಂಟಿನಲ್ಲಿ ಸ್ಟವ್ ಹಚ್ಚಲಿಲ್ಲ. ಬ್ರೆಡ್ಡು, ಟೊಮೆಟೊ ತಿಂದರು. ಅವನು ಟೊಮೆಟೊ ಹೆಚ್ಚಿ ಹಣ್ಣಾದ ಕಡೆಯ ಚೂರುಗಳನ್ನು ಎಂದಿನಂತೆ ಅವಳ ತಟ್ಟೆಗೆ ಹಾಕಿದ. ಅವಳು ತಿಂದಳು.

ಮಾರನೆಯ ಬೆಳಿಗ್ಗೆ ಚೀಲ ತುಂಬಿದವಳು ಅವಳೇ. ಸ್ಟವ್, ಗೂಟ, ಸ್ಪ್ಯಾನರು, ಎಲ್ಲ ವಾಪಸು. ಎದುರಿಗೆ ಘಾಟಿ; ಇಡೀ ದಾರಿಯಲ್ಲಿ ಅದೊಂದೇ ದೊಡ್ಡ ಏರು, ಒಂಬತ್ತು ತಿರುವು. "ನೀವು ಒಂದು ತಿರುವು ಹಿಂದೆ ಬನ್ನಿ. ನಾನು ಕರೆಯೋ ತನಕ ಹತ್ತಿರ ಬರಕೂಡದು" ಎಂದಳು.

ಎರಡು ತಿರುವು ಸುಲಭವಾಗಿ ಆಯಿತು. ಮೂರನೆಯದು ಹಲ್ಲು ಕಚ್ಚಿ. ನಾಲ್ಕನೆಯದರ ನಡುವೆ ಮೊಣಕಾಲಿನೊಳಗೆ ಏನೋ ಸಿಕ್ಕಿಹಾಕಿಕೊಂಡ ಹಾಗಾಗಿ ಪೆಡಲು ಕೆಳಗೆ ಇಳಿಯಲೇ ಇಲ್ಲ. ಅವಳು ಬೀಳಲಿಲ್ಲ. ಸೈಕಲ್ ವಾಲಿಸಿ ಇಳಿದು, ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಳು. ಇನ್ನೊಮ್ಮೆ ಹತ್ತಿ ನೋಡಿದಳು. ಹತ್ತು ಗಜ ಹೋಗುವಷ್ಟರಲ್ಲಿ ಅದೇ.

ಕೆಳಗಿನ ತಿರುವಿನಲ್ಲಿ ಗಂಡ ನಿಂತಿದ್ದ. ಅವಳಿಗೆ ಅವನು ಪೂರ್ತಿ ಕಾಣುತ್ತಿದ್ದ. ಅವನು ಮೇಲೆ ನೋಡಲಿಲ್ಲ. ಬೆನ್ನು ತಿರುಗಿಸಿಕೊಂಡು, ಒಂದು ಮರದ ತೊಗಟೆಯನ್ನು ಏನೋ ಬರೆದಿರುವಂತೆ ಓದುತ್ತ ನಿಂತಿದ್ದ. ಓಡಿಬರಬೇಕೆಂಬ ಆಸೆಯನ್ನು ಆ ಬೆನ್ನು ಎಷ್ಟು ಕಷ್ಟಪಟ್ಟು ತಡೆದುಕೊಂಡಿತ್ತು ಎಂಬುದು ಅಷ್ಟು ದೂರಕ್ಕೂ ತಿಳಿಯುತ್ತಿತ್ತು.

ಹಾಗಾದರೆ ಗುಡ್ಡ ಆಗುವುದಿಲ್ಲ. ಹೀಗೆ ನೇರವಾಗಿ ಅಂದುಕೊಂಡಾಗ ಅವಳು ಹೆದರಿದಷ್ಟು ನೋವಾಗಲಿಲ್ಲ. ಕೂತಲ್ಲೇ ಕಾಲು ನೀವಿಕೊಳ್ಳುತ್ತ ಲೆಕ್ಕ ಹಾಕಿದಳು. ಹದಿನಾಲ್ಕು ಆಗುವುದಿಲ್ಲ, ಅದು ಖಂಡಿತ. ಆದರೆ ಎಂಟೂವರೆ? ಎಂಟೂವರೆ ಹೇರಿಕೊಂಡು ಏರು ತಗ್ಗು ಎನ್ನದೆ ದಿನಕ್ಕೆ ನಲವತ್ತೈದು ಕಿಲೋಮೀಟರು ತುಳಿದಿದ್ದಳು, ಹಾಡಿಕೊಂಡು. ಕೆಳಗಿನ ಏಳು ಬೀದಿಯ ಟಪಾಲು ಹೆಚ್ಚೆಂದರೆ ಎಂಟು ಕಿಲೋ. ಬೀಟೋ ಕೌಂಟರೋ ಎಂದು ಮೇಲಧಿಕಾರಿ ಕೇಳಿದ್ದ. ಅರ್ಧ ಬೀಟು ಎಂದು ಅವನೂ ಯೋಚಿಸಿರಲಿಲ್ಲ, ಅವಳೂ ಯೋಚಿಸಿರಲಿಲ್ಲ. ಅವಳು ಇಟ್ಟ ಪರೀಕ್ಷೆಯಲ್ಲಿ ಅವಳು ನಪಾಸು. ಗಂಡ ಕದ್ದು ನಡೆಸಿದ ಪರೀಕ್ಷೆಯಲ್ಲಿ ಪಾಸು.

"ರೀ" ಎಂದು ಕರೆದಳು. "ಬನ್ನಿ ಇಲ್ಲಿ. ಸ್ಟವ್ ತೆಕ್ಕೊಳ್ಳಿ."

ಅವನು ಸೈಕಲ್ ತಳ್ಳಿಕೊಂಡು ಬಂದ. ಸ್ಟವ್ ತೆಗೆದುಕೊಂಡ. "ಗೂಟ?"

"ಗೂಟಾನೂ. ಸ್ಪ್ಯಾನರೂ. ದಿಂಬಿನ ಗಾಳಿ ಮಾತ್ರ ನಿಮ್ಮ ಹತ್ರಾನೇ ಇರಲಿ."

ಉಳಿದ ತಿರುವುಗಳನ್ನು ಅವಳು ನಿಧಾನವಾಗಿ ತುಳಿದೇ ಹತ್ತಿದಳು. ಅವನೇ ಎರಡು ಕಡೆ ಇಳಿದು ತಳ್ಳಿದ. ನೆತ್ತಿಯಲ್ಲಿ ಗಾಳಿ ತಣ್ಣಗಿತ್ತು. ಅಲ್ಲೇ ಕೂತು ಅವಳು ಕಾಗದ ಬರೆದಳು: ಗುಡ್ಡದ ನಾಲ್ಕು ಬೀದಿಗಳನ್ನು ಬೇರೆಯವರಿಗೆ ಕೊಡಬಹುದು, ಕೆಳಗಿನ ಏಳು ಬೀದಿಗಳನ್ನು ನಾನು ಮಾಡಬಲ್ಲೆ, ಮಿಕ್ಕ ಹೊತ್ತು ಒಳಗೆ ಕಾಗದ ವಿಂಗಡಿಸುತ್ತೇನೆ, ಎಂಟೂವರೆ ಕಿಲೋ ಮೀರಬಾರದು, ಇದನ್ನು ಹೊತ್ತು ನೋಡಿಯೇ ಬರೆಯುತ್ತಿದ್ದೇನೆ.

ಗಂಡ ಓದಿದ. "ಒಪ್ಪದೇ ಹೋದ್ರೆ?"

"ಕೌಂಟರಲ್ಲಿ ಕೂರ್ತೀನಿ. ಕೇಳದೇ ಮಾತ್ರ ಕೂರಲ್ಲ."

ಘಾಟಿ ಇಳಿದ ಮೊದಲ ಊರಿನಲ್ಲಿ ಒಂದು ಅಂಚೆಡಬ್ಬಿ ಇತ್ತು. ಅವಳು ಮೊದಲು ಅದರ ಫಲಕ ಓದಿದಳು: ಕೊನೆಯ ತೆರವು ಮೂರು ಗಂಟೆ. ಮೂರಕ್ಕೆ ಒಂದೇ ನಿಮಿಷವಿತ್ತು. ಕಾಗದ ಹಾಕುವುದಕ್ಕೆ ಮುಂದಾಗುವಷ್ಟರಲ್ಲಿ ನರೆತ ಮೀಸೆಯ ಪೋಸ್ಟ್‌ಮ್ಯಾನ್ ಸೈಕಲ್ ಮೇಲೆ ಬಂದು ಬೀಗದಕೈ ತೆಗೆದ. ಅವಳು ಕಾಗದವನ್ನು ಅವನ ಮುಂದೆ ಹಿಡಿದಳು.

"ಕೈಗೆ ತೆಕ್ಕೊಳ್ಳೋ ಹಾಗಿಲ್ಲಮ್ಮ. ಡಬ್ಬಿಗೆ ಹಾಕಿ."

"ನೀವು ಈಗ ಅದನ್ನೇ ತೆಗೀತೀರಲ್ಲಪ್ಪ" ಎಂದ ಗಂಡ.

"ತೆಗೀತೀನಿ. ಹಾಕಿದ ಮೇಲೆ ತೆಗೀತೀನಿ."

"ಇಲಾಖೆಯೋರೆಲ್ಲ ಒಂದೇ ಅಚ್ಚು!" ಎಂದ ಗಂಡ.

"ಸರಿಯಾಗೇ ಹೇಳ್ತಿದಾರೆ ರೀ" ಎಂದು ಟಪಾಲಮ್ಮ ಡಬ್ಬಿಯ ಬಾಯಿಗೆ ಕಾಗದ ಹಾಕಿದಳು. ಪೋಸ್ಟ್‌ಮ್ಯಾನ್ ಅದು ತಳ ಮುಟ್ಟಿದ ಸದ್ದಾಗುವವರೆಗೆ ಕಾದು, ಬಾಗಿಲು ತೆರೆದು, ಅದೊಂದೇ ಕಾಗದವನ್ನು ಹೊರಗೆ ತೆಗೆದು, ವಿಳಾಸ ಸರಿಯಿದೆಯೇ ಎಂದು ನೋಡಿ ಚೀಲಕ್ಕೆ ಸೇರಿಸಿದ.