ಹಳೇ ಟೈಮಿನ ಎರಡು ಗಂಟೆ

ರಂಜಾನ್ ಮುಗಿದಿತ್ತು. ಉಪವಾಸದ ತಿಂಗಳಿಗೆಂದು ಒಂದು ಗಂಟೆ ಹಿಂದಿಟ್ಟಿದ್ದ ಗಡಿಯಾರಗಳನ್ನು ಕಾಸಾಬ್ಲಾಂಕಾದವರೆಲ್ಲ ಆ ಶನಿವಾರ ರಾತ್ರಿ ಮತ್ತೆ ಮುಂದಕ್ಕೆ ತಿರುಗಿಸಬೇಕಿತ್ತು. ಅಬ್ದಲಿಲಾ ಮಾತ್ರ ತನ್ನ ಕೈಗಡಿಯಾರವನ್ನು ಎಂದೂ ಮುಟ್ಟಿದವನಲ್ಲ; ಅದು ವರ್ಷವಿಡೀ ರಂಜಾನಿನ ಆ ಹಿಂದಿನ ಗಂಟೆಯಲ್ಲೇ ಓಡುತ್ತಿತ್ತು. "ಹೊಸ ಟೈಮು ಸರ್ಕಾರದ್ದು, ಹಳೇದು ದೇವರದ್ದು" ಎನ್ನುತ್ತಿದ್ದ.

ಆ ಮಧ್ಯಾಹ್ನ ಅವನು ತಂಗಿ ಝೋರ್ ಕೆಲಸ ಮಾಡುವ ಟಿಕೆಟ್ ಕಚೇರಿಗೆ ಬಂದು ಕುರ್ಚಿ ಎಳೆದುಕೊಂಡ. ನಾಳೆ ಮಾಂಟ್ರಿಯಲ್‌ಗೆ ಹೊರಡುವವನು. ಅದೇ ರಾತ್ರಿ ಅಲ್ಲಿ ಮಗಳ ನಿಕಾಹ್; ತಂದೆಯಾಗಿ ಅವನೇ ಒಪ್ಪಿಗೆ ಕೊಡಬೇಕು.

"ಎಂಟು ತಾಸು ಹಾರಾಟ ಅಂತೀಯ. ಎರಡಕ್ಕೆ ಹೊರಟ್ರೆ ಇಳಿಯೋದು ರಾತ್ರಿ ಹತ್ತಕ್ಕಲ್ವೇನೆ?"

"ಅಲ್ಲಿ ಐದು ತಾಸು ಹಿಂದೆ, ಅಣ್ಣ. ಇಳಿದಾಗ ಇನ್ನೂ ಸಂಜೆ."

"ಏನ್ ತಲೆ ನಿಂದು! ಇಂಥವಳನ್ನ ಗಂಡ ಹೆಂಗೆ ಬಿಟ್ನೋ."

"ಅವನು ಬಿಟ್ಟಿದ್ದಲ್ಲ. ನಾನು ಬಿಟ್ಟಿದ್ದು."

ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು. ತಾಯಿ ತೀರಿಕೊಂಡಾಗ ಝೋರ್ ಮಾಂಟ್ರಿಯಲ್‌ನಲ್ಲಿದ್ದಳು. ಅಬ್ದಲಿಲಾ ಫೋನಿನಲ್ಲಿ, "ಏಳು ತಾಸು ಪ್ರಯಾಣ, ಅದರ ಮೇಲೆ ಐದು ತಾಸು ವ್ಯತ್ಯಾಸ. ಬೆಳಗಾಗ್ತಿದ್ದಂಗೆ ಮಣ್ಣು ಮಾಡ್ತೀವಿ. ಬರಬೇಡ" ಎಂದಿದ್ದ. ಕಟ್ಟಿದ ಚೀಲವನ್ನು ಅವಳು ಬಿಚ್ಚಿಟ್ಟಳು. ಮಣ್ಣು ಮಾಡಿದ್ದು ಮಧ್ಯಾಹ್ನದ ನಮಾಜಿನ ನಂತರ ಎಂದು ಆಮೇಲೆ ತಿಳಿಯಿತು. ಅವಳು ಹತ್ತಬೇಕಿದ್ದ ರಾತ್ರಿಯ ವಿಮಾನ ಅಷ್ಟರಲ್ಲಿ ಬಂದಿಳಿದಿತ್ತು. ಗಂಡನನ್ನು ಬಿಟ್ಟ ತಂಗಿ ನೆಂಟರ ಕಣ್ಣಿಗೆ ಬೀಳುವುದು ಅವನಿಗೆ ಬೇಡವಾಗಿತ್ತು, ಅಷ್ಟೇ.

ಅಬ್ದಲಿಲಾ ಎದ್ದು ನಿಂತ. "ಎರಡು ಅಂದ್ಯಲ್ಲ, ಹಳೇ ಟೈಮಾ, ಹೊಸ ಟೈಮಾ?"

ವಿಮಾನಗಳು ಹಾರುವುದು ಸರ್ಕಾರದ ಗಂಟೆಗೆ. ಝೋರ್ ಅವನ ಮುಖವನ್ನೇ ನೋಡಿದಳು.

"ಹಳೇದು."

"ನನ್ ವಾಚಿನದ್ದೇ! ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಭಾನುವಾರ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಕೊನೆಗೂ ಅಣ್ಣನ ಕರೆ ಬಂತು.

"ಕೌಂಟರ್ ಮುಚ್ಚಿದಾರೆ, ಝೋರ್! ಹಳೇದು ಅಂದಿದ್ದೆಯಲ್ಲೇ!"

"ಅಂದಿದ್ದೆ."

"ಯಾಕೆ?"

"ಅಮ್ಮನ ಮುಖ ನೋಡೋಕೆ ನೀನು ಬಿಡಲಿಲ್ಲ, ಅದಕ್ಕೆ."

ಫೋನ್ ಇಟ್ಟು ಅವಳು ಪುದೀನಾ ಚಹಾ ಬಗ್ಗಿಸಿಕೊಂಡಳು. ಎಷ್ಟೋ ದಿನಗಳ ನಂತರ ಚಹಾ ರುಚಿಸಿತು.

ಲೋಟ ಖಾಲಿಯಾಗುವ ಮೊದಲೇ ಮಾಂಟ್ರಿಯಲ್‌ನಿಂದ ಅಣ್ಣನ ಮಗಳ ಕರೆ ಬಂತು.

"ಅತ್ತೆ, ಅಪ್ಪಂಗೆ ವಿಮಾನ ತಪ್ಪೋಯ್ತು. ವಾಚು ಹಿಂದಿತ್ತಂತೆ. ಅಳ್ತಿದಾರೆ. ನಾಳೆಗೆ ಒಂದು ಟಿಕೆಟ್ ನೋಡ್ತೀರಾ?"

ಅಂದರೆ ಅವನು ಇವಳ ಹೆಸರೆತ್ತಿರಲಿಲ್ಲ. ಝೋರ್ ಕಂಪ್ಯೂಟರ್ ತೆರೆದಳು. ನಾಳೆಯ ವಿಮಾನದಲ್ಲಿ ಸೀಟುಗಳು ಬೇಕಾದಷ್ಟಿದ್ದವು.

"ನಾಳೆ ಸೀಟಿಲ್ಲ ಕಂದ."

"ಹಾಗಾದ್ರೆ ನಾಡಿದ್ದು. ಇಲ್ಲಾಂದ್ರೆ ಅದರ ಮಾರನೇ ದಿನ. ಎಲ್ಲರಿಗೂ ಹೇಳ್ಬಿಟ್ಟಿದೀನಿ ಅತ್ತೆ, ಅಪ್ಪ ಬರೋವರೆಗೂ ಕಾಯ್ತೀವಿ."

ಝೋರ್ ಕಿವಿಯಿಂದ ಫೋನ್ ತೆಗೆದು ದೂರ ಹಿಡಿದಳು. ಅಲ್ಲಿಂದಲೂ ಆ ಹುಡುಗಿಯ ದನಿ, "ಕೇಳಿಸ್ತಾ ಅತ್ತೆ? ಕಾಯ್ತೀವಿ" ಎನ್ನುತ್ತಲೇ ಇತ್ತು.