ಮೊದಲ ಮೊಳ

ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡ ಮಲ್ಲಿಗೆ ಮೊಗ್ಗು ಎಷ್ಟು ಬೆಳ್ಳಗೆ ಕಾಣುತ್ತದೆಂಬುದು ಆ ಮನೆಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಗಿಡದಲ್ಲಿ ಅಷ್ಟು ಬಿಳುಪಿರುವುದಿಲ್ಲ, ಮುಡಿಯಲ್ಲಿಯೂ ಇರುವುದಿಲ್ಲ. ಆದರೆ ಕರಗಿಸಿ ಕೈಗೆ ತೆಗೆದುಕೊಂಡರೆ ಅದೇ ಮೊಗ್ಗು ಕಣ್ಣೆದುರಿಗೇ ಗಾಜಿನಂತಾಗಿ, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟಿಕೊಳ್ಳುತ್ತದೆ. ಫ್ರಿಜ್ಜು ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ಎಷ್ಟೋ ಮನೆಗಳ ಮಂಜು ಕರಗಿಸಿದ್ದೇನೆ, ಮರೆಯಲಾಗದೆ ಉಳಿದದ್ದು ಆ ಮನೆಯದೊಂದೇ.

ಅದು ಹೂವಾಡಗಿತ್ತಿ ವನಜಾಕ್ಷಿಯ ಮನೆ. ಅವಳ ಗಂಡ ಚಲುವರಾಜು ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಅತ್ತೆ ಕೆಂಪಾಜಮ್ಮ. ಬೆಳಗಿನ ಜಾವ ಮಂಡಿಗೆ ಹೋಗಿ ಹೂವು ತರುವುದು ಗಂಡನ ಕೆಲಸವಾಗಿತ್ತು, ಈಗ ಅದೂ ಅವಳ ತಲೆಗೇ ಬಂದಿತ್ತು. ತಂದದ್ದನ್ನು ಅತ್ತೆ ಸೊಸೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ದಿನವೂ ಹೂವು ಕೊಳ್ಳುವ ವರ್ತನೆ ಮನೆಗಳಿಗೂ ದೇವಸ್ಥಾನಕ್ಕೂ ಸಾಗುತ್ತಿತ್ತು. ಆ ಫ್ರಿಜ್ಜು ಕೈಕೊಟ್ಟಿತ್ತು. ಮೇಲಿನ ಖಾನೆಯಲ್ಲಿ ಮಂಜು ಬೆಟ್ಟದಂತೆ ಬೆಳೆದು, ಕೆಳಗಿನ ಖಾನೆಗೆ ತಂಪೇ ಇಳಿಯುತ್ತಿರಲಿಲ್ಲ. ಕಟ್ಟಿಟ್ಟ ಹೂವು ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತಿತ್ತು. ಕೆಂಪಾದ ಹೂವನ್ನು ದೇವರಿಗೆ ಯಾರು ಏರಿಸುತ್ತಾರೆ? ವರ್ತನೆ ಮನೆಗಳು ಒಂದೊಂದಾಗಿ ಬೇರೆಯವರ ಕಡೆ ತಿರುಗುತ್ತಿದ್ದವು.

"ಇದೊಂದು ಸರಿಹೋಗ್ಲಿಲ್ಲಾಂದ್ರೆ ಹೂವಿನ ಬುಟ್ಟಿ ಬೋರಲಾಕಿ ಯಾರ್ದಾದ್ರೂ ಮನೇಲಿ ಪಾತ್ರೆ ತಿಕ್ಕೋಕ್ ಹೋಗ್ಬೇಕು ಕಣಣ್ಣಾ," ಎಂದಳು ವನಜಾಕ್ಷಿ. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಆಮೇಲೆ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, ಇನ್ನೊಂದು ವಿಷಯ ಹೇಳಿದಳು. ಫ್ರಿಜ್ಜಿನೊಳಗಿನಿಂದ ಯಾರೋ ಬಾಗಿಲು ಬಡಿದಂತೆ ಸದ್ದು ಬರುತ್ತದಂತೆ.

ಚಲುವರಾಜು ಮಂಡಿಯಿಂದ ಬರುವಾಗ ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಗಂಟು. ಕೈ ಬಿಡುವಿಲ್ಲದ್ದರಿಂದ ಮೊಣಕಾಲಿನಲ್ಲೇ ಕದಕ್ಕೆ ಗುದ್ದುತ್ತಿದ್ದ. ಟೊಕ್ ಟೊಕ್, ತುಸು ಬಿಡುವು, ಮತ್ತೆ ಟೊಕ್. ತಾಯಿ ಎದ್ದು ಅಗಳಿ ತೆಗೆಯುತ್ತಿದ್ದಳು. ಮಂಡಿಯಲ್ಲಿ ಹೂವಿನ ರಾಶಿಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ ದಿನ ಮಾತ್ರ ಅವನು ಕದ ಬಡಿಯಲಿಲ್ಲ. ನಾಲ್ಕು ಜನ ಹೊತ್ತು ತಂದರು, ಸುದ್ದಿ ಮೊದಲೇ ಬಂದಿದ್ದರಿಂದ ಬಾಗಿಲು ತೆರೆದೇ ಇತ್ತು. ಈಗ ಫ್ರಿಜ್ಜಿನಿಂದ ಅದೇ ಸದ್ದು ಬರುತ್ತಿತ್ತು. ಮುದುಕಿ ನಸುಕಿನಲ್ಲಿ ಎದ್ದು ಹೋಗಿ ಬೀದಿಬಾಗಿಲು ತೆರೆದು ನಿಲ್ಲುತ್ತಿದ್ದಳು. ಸೊಸೆ ಹಾಸಿಗೆಯಲ್ಲೇ ಮುದುಡಿಕೊಂಡು ಕೇಳುತ್ತಿದ್ದಳು.

ನನಗೆ ಒಳಗೊಳಗೇ ನಗು ಬಂತೆಂದೇ ಹೇಳಬೇಕು. ಈ ಬಗೆಯ ಫ್ರಿಜ್ಜಿನಲ್ಲಿ ಮಂಜು ತಾನಾಗಿಯೇ ಕರಗುವ ಏರ್ಪಾಡಿರುತ್ತದೆ. ಹೊತ್ತು ಹೊತ್ತಿಗೆ ಟೈಮರು ತಿರುಗಿ ಒಳಗಿನ ಹೀಟರಿಗೆ ಕರೆಂಟು ಕೊಡುತ್ತದೆ, ಕೊಳವೆಗಳ ಮೇಲೆ ಕಟ್ಟಿದ ಮಂಜು ಕರಗಿ, ಹಿಂದಿನ ಸಣ್ಣ ತೂತಿನಿಂದ ನೀರು ಕೆಳಗಿಳಿದು ಹೋಗುತ್ತದೆ. ಅದರಲ್ಲಿ ಯಾವುದು ತಪ್ಪಿದರೂ ಮಂಜು ಬೆಳೆಯುತ್ತದೆ. ಬೆಳೆದು ಫ್ಯಾನಿನ ರೆಕ್ಕೆಗೆ ತಗಲುತ್ತದೆ. ರೆಕ್ಕೆ ತಗಲಿ ನಿಂತು, ಮತ್ತೆ ತಿರುಗಲು ಹೆಣಗುವ ಸದ್ದೇ ಅದು. ಹಗಲೆಲ್ಲ ಬೀದಿಯ ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ನಸುಕಿನಲ್ಲಿ ಕೇಳಿಸುತ್ತದೆ. ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದೆ. ಒಳಗಿನ ಗೋಡೆಯಲ್ಲಿ ತಂಪುಗಾಳಿ ಬರುವ ಸೀಳುಗಳಿಗೆ ಏನೂ ಅಡ್ಡವಾಗಬಾರದು, ಅಡ್ಡವಾದರೆ ಮಂಜು ಕಟ್ಟುತ್ತದೆ ಎಂದೂ ಹೇಳಿದೆ. ಕೆಂಪಾಜಮ್ಮ ಪಾಠ ಕೇಳುವ ಮಗುವಿನ ಹಾಗೆ ತಲೆಯಾಡಿಸಿದಳು.

ಬಿಸಿನೀರು ಹೊಯ್ದು ಮಂಜು ಕರಗಿಸಿ, ಹೀಟರು ಪರೀಕ್ಷಿಸಿದೆ, ಚೆನ್ನಾಗಿತ್ತು. ಅದಕ್ಕೆ ಕರೆಂಟು ಬಿಡುವ ಥರ್ಮೋಸ್ಟಾಟಿನ ಮೇಲೆ ಅನುಮಾನ ಬಂದು ಹೊಸದು ಹಾಕಿದೆ. ನೀರಿನ ಜೊತೆ ಹೂವಿನ ಚೂರುಗಳು ಬಂದವು. ಹೂವಾಡಗಿತ್ತಿಯ ಫ್ರಿಜ್ಜಿನಲ್ಲಿ ಹೂವಲ್ಲದೆ ಮೀನು ಸಿಗುತ್ತದೆಯೇ ಎಂದುಕೊಂಡು ಒರೆಸಿ ಎಸೆದೆ.

ಕೆಲವೇ ದಿನಗಳಲ್ಲಿ ವನಜಾಕ್ಷಿ ಮತ್ತೆ ಬಂದಳು. ಮಂಜೂ ಬಂದಿತ್ತು, ಸದ್ದೂ ಬಂದಿತ್ತು. ಈ ಸಲ ಟೈಮರು ಬದಲಾಯಿಸಿದೆ. ಅದಾದ ಮೇಲೂ ಅದೇ ರಾಗ, ಅದೇ ಹಾಡು. ದೇವಸ್ಥಾನದವರು ಬೇರೆ ಕಡೆ ಹೂವು ಹೇಳುವ ಮಾತಾಡಿದ್ದರಂತೆ. ಮೂರನೆಯ ಸಲ ಹೋದಾಗ ಹಟ ಹಿಡಿದು ಕುಳಿತೆ. ನೀರು ಹೊಯ್ಯದೆ ಪ್ಲಗ್ಗು ಕಿತ್ತು, ಮಂಜು ಇಡಿಯಾಗಿಯೇ ಬಿಡಿಸಿಕೊಳ್ಳುವವರೆಗೆ ಕಾದೆ. ಮಧ್ಯಾಹ್ನ ಕಳೆಯಿತು. ಬಾಣಲಿಯಷ್ಟು ಅಗಲದ ಗಡ್ಡೆ ಕೈಗೆ ಬಂತು. ಕಿಟಕಿಯ ಬೆಳಕಿಗೆ ಹಿಡಿದೆ.

ಒಳಗಿದ್ದದ್ದು ಉದುರಿದ ಹೂವಲ್ಲ, ಕಟ್ಟಿದ ಹೂವು. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆ, ಒಂದರ ಮೇಲೊಂದು ಪದರ ಪದರವಾಗಿ ಮಲಗಿತ್ತು. ಮೊಗ್ಗುಗಳು ಬೆಳ್ಳಗೆ, ಈಗಷ್ಟೇ ಬಿಡಿಸಿ ತಂದಂತೆ ಇದ್ದವು. ಗೋಡೆಯ ಸೀಳಿನಿಂದ ಬೆರಳು ಹಾಕಿ ತಳ್ಳದೆ ಅವು ಅಲ್ಲಿಗೆ ಹೋಗುವಂತಿರಲಿಲ್ಲ. ನೀರು ಹೋಗುವ ತೂತಿಗೆ ನಾರಿನ ಉಂಡೆ ಬಿರಡೆಯಂತೆ ಕೂತಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ನನ್ನ ಕತೆ. ಹೀಟರು ಕರಗಿಸಿದ ನೀರು ದಾರಿ ಕಾಣದೆ ಅಲ್ಲೇ ನಿಂತು ಮತ್ತೆ ಹೆಪ್ಪುಗಟ್ಟುತ್ತಿತ್ತು. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತೆನ್ನುತ್ತಾರೆ, ಇಲ್ಲಿ ಅದು ಮೋರಿಗೆ ಹೋಗಿತ್ತು.

ವನಜಾಕ್ಷಿ ಗಡ್ಡೆಯನ್ನೇ ನೋಡಿದಳು. "ಇದು ಮೊದಲ್ನೆ ಮೊಳ," ಎಂದಳು.

ಆ ಮನೆಯ ಪದ್ಧತಿ ನನಗೆ ತಿಳಿದದ್ದು ಆಗಲೇ. ದಿನದ ಹೂವಿನಲ್ಲಿ ಕಟ್ಟಿದ ಮೊದಲ ಮೊಳವನ್ನು ಅವರು ಮಾರುವುದಿಲ್ಲ. ಅದು ಮನೆಯ ಹೆಂಗಸಿನ ಮುಡಿಗೆ. ಚಲುವರಾಜು ಅದನ್ನು ತಾನೇ ಹೆಂಡತಿಗೆ ಮುಡಿಸಿ ಆಮೇಲೆ ಬುಟ್ಟಿ ಎತ್ತುತ್ತಿದ್ದನಂತೆ. ಅವನು ಹೋದ ಮೇಲೆ ಮನೆಯಲ್ಲಿ ಹೂವು ಮುಡಿಯುವ ತಲೆಯೇ ಇರಲಿಲ್ಲ. ಊರಿಗೆಲ್ಲ ಮುಡಿಯಲು ಕಟ್ಟಿಕೊಡುವ ಅತ್ತೆ ಸೊಸೆ ಇಬ್ಬರೂ ಬರಿದಲೆಯವರು. ಮಾರುವಂತಿಲ್ಲ, ಮುಡಿಯುವಂತಿಲ್ಲ, ಬೀದಿಗೆ ಎಸೆಯಲು ಮನಸ್ಸಿಲ್ಲ. ಮಗನ ಪಾಲಿನದು ಬಾಡಬಾರದೆಂದು ಮುದುಕಿ ಅದನ್ನು ಮಂಜಿನ ಖಾನೆಯಲ್ಲಿ ಬಚ್ಚಿಟ್ಟಿದ್ದಳು.

ಅದೇನೋ ಸರಿ. ಆದರೆ ನಾನು ಬೇಡವೆಂದು ಹೇಳಿದ ಮೇಲೂ ಯಾಕೆ ಇಟ್ಟಳು? ಕೇಳಿದೆ. ಕೆಂಪಾಜಮ್ಮ ಒಲೆಯ ಪಕ್ಕದ ಮಣೆಯ ಮೇಲೆ ಮಡಿಲು ಮುಚ್ಚಿಕೊಂಡು ಕುಳಿತಿದ್ದಳು.

"ನೀನು ಬಂದೋದ್ಮೇಲೆ ಅವನು ಬರ್ಲೇ ಇಲ್ಲ ಕಣಪ್ಪ," ಎಂದಳು. "ಎದ್ದು ಎದ್ದು ಬಾಗ್ಲು ನೋಡ್ದೆ. ಮಂಜು ಕಟ್ಟಿದ್ರೆ ಸದ್ದು ಬತ್ತದೆ ಅಂತ ನೀನೇ ಹೇಳಿದ್ಯಲ್ಲ. ಅದ್ಕೇ ಕಟ್ಟುಸ್ದೆ."

ವನಜಾಕ್ಷಿ ಗೋಡೆಗೊರಗಿ ಕುಸಿದು ಕುಳಿತಳು. ಅತ್ತೆಯನ್ನು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಆ ತೂತು ಬಿಡಿಸಿದರೆ ಒಬ್ಬಳ ಅನ್ನ ಉಳಿಯುತ್ತಿತ್ತು, ಇನ್ನೊಬ್ಬಳ ಮಗ ಎರಡನೆಯ ಸಲ ಹೋಗುತ್ತಿದ್ದ. ನಾನು ತಂತಿ ತೆಗೆದುಕೊಂಡು ನಾರು ಬಿಡಿಸತೊಡಗಿದೆ. ನನಗೆ ಬರುವುದು ಅದೊಂದೇ ಕೆಲಸ.

ಹರಿವಾಣದಲ್ಲಿಟ್ಟ ಗಡ್ಡೆ ಕರಗುತ್ತಿತ್ತು. ಕೆಂಪಾಜಮ್ಮ ಹತ್ತಿರ ಸರಿದು, ಹೊರಗೆ ಚಾಚಿಕೊಂಡಿದ್ದ ಒಂದು ಎಳೆಯನ್ನು ಮೆಲ್ಲಗೆ ಎಳೆದುಕೊಂಡಳು. ಅಂಗೈ ಮೇಲೆ ಮೊಗ್ಗುಗಳು ಒಂದು ಗಳಿಗೆ ಬೆಳ್ಳಗಿದ್ದವು. ಆಮೇಲೆ ಗಾಜಿನಂತಾದವು, ಆಮೇಲೆ ಕಂದಿದವು. ಇನ್ನೊಂದು ಎಳೆ ತೆಗೆದಳು, ಅದೂ ಹಾಗೇ ಆಯಿತು. ಅಷ್ಟು ದಿನ ಕಾಪಾಡಿದ್ದು ಏನೆಂಬುದನ್ನು ಅವಳು ನೋಡುತ್ತಿದ್ದಳು.

ಆಗ ಸದ್ದು ಕೇಳಿಸಿತು. ಟೊಕ್ ಟೊಕ್. ತುಸು ಬಿಡುವು. ಟೊಕ್.

ಪ್ಲಗ್ಗು ಕಿತ್ತು ಫ್ರಿಜ್ಜಿನ ನೆತ್ತಿಯ ಮೇಲೆ ಇಟ್ಟಿದ್ದೆ, ಅದು ಅಲ್ಲೇ ಇತ್ತು. ಫ್ಯಾನು ಬಿಚ್ಚಿ ನೆಲದ ಮೇಲಿಟ್ಟಿದ್ದೆ, ಅದೂ ಅಲ್ಲೇ ಇತ್ತು. ನಾವು ಮೂವರೂ ಬೀದಿಬಾಗಿಲ ಕಡೆ ತಿರುಗಿದೆವು. ಮುದುಕಿ ಎದ್ದು ಹೋಗಿ ಅಗಳಿ ತೆಗೆದಳು. ಹೊರಗೆ ಇಳಿಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದಳು. "ಆಯ್ತು ಬುಡು ಮಗ," ಎಂದದ್ದು ನನಗೆ ಕೇಳಿಸಿತು. ಕದ ಹಾಗೇ ಬಿಟ್ಟು ಒಳಗೆ ಬಂದಳು.

ಬಂದವಳು ಮಡಿಲಿನಿಂದ ಒದ್ದೆ ಬಟ್ಟೆಯ ಗಂಟು ತೆಗೆದಳು. ಆ ದಿನದ ಮೊದಲ ಮೊಳ. ನಾನು ಫ್ರಿಜ್ಜು ಬಿಚ್ಚಿ ಕುಳಿತಿದ್ದರಿಂದ ಇಡಲು ಜಾಗ ಸಿಗದೆ ಉಳಿದದ್ದು. ಸೊಸೆಯ ಹಿಂದೆ ಕುಳಿತು ಅವಳ ತುರುಬಿಗೆ ಸುತ್ತತೊಡಗಿದಳು. ವನಜಾಕ್ಷಿ ಬೆಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡಿ ಅತ್ತೆ. ಜನ ಏನಂದಾರು?"

"ಮಂಜಲ್ಲಿ ಕೊಳೀಲಿ ಅಂತ ತತ್ತಿದ್ನೇನೇ ಅವನು?" ಎಂದಳು ಕೆಂಪಾಜಮ್ಮ. "ನಿನ್ನ ತಲೇಗೆ ಅಂತ ತತ್ತಿದ್ದ. ಸುಮ್ಕೆ ಕೂತ್ಕೊ."

ವನಜಾಕ್ಷಿ ಮೊಣಕಾಲಿನಲ್ಲಿ ಮುಖವಿಟ್ಟು ಅತ್ತಳು. ಅತ್ತೆಯ ಕೈ ನಿಲ್ಲಲಿಲ್ಲ.

ನಾನು ಎಲ್ಲವನ್ನೂ ಮೊದಲಿನಂತೆ ಕೂಡಿಸಿ ಪ್ಲಗ್ಗು ಹಾಕಿದೆ. ಫ್ಯಾನು ಯಾವುದಕ್ಕೂ ತಗಲದೆ ತಿರುಗಿತು. ಆ ಫ್ರಿಜ್ಜಿಗೆಂದು ಮತ್ತೆ ನನ್ನನ್ನು ಯಾರೂ ಕರೆಯಲಿಲ್ಲ. ಇಂದಿಗೂ ಯಾವುದಾದರೂ ಮನೆಯಲ್ಲಿ ಫ್ಯಾನು ಮಂಜಿಗೆ ತಗಲಿದ ಸದ್ದಾದರೆ ನನ್ನ ಕಣ್ಣು ಮೊದಲು ಹೋಗುವುದು ಬೀದಿಬಾಗಿಲಿಗೆ.

ಅಂದು ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟಾಗ ಸಂಜೆಯಾಗಿತ್ತು. ವನಜಾಕ್ಷಿ ದೇವಸ್ಥಾನಕ್ಕೆಂದು ಬುಟ್ಟಿ ಹೊತ್ತು ನನ್ನ ಮುಂದೆ ನಡೆಯುತ್ತಿದ್ದಳು. ಜಗುಲಿಗಳ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಆ ಮನೆಯ ಕದ ಇನ್ನೂ ತೆರೆದೇ ಇತ್ತು, ಹೊಸ್ತಿಲಲ್ಲಿ ಮುದುಕಿ ನಿಂತಿದ್ದಳು. ಮುಂದೆ ನಡೆಯುತ್ತಿದ್ದ ಸೊಸೆಯ ತುರುಬಿನಲ್ಲಿ ಮೊಗ್ಗುಗಳು ಒಂದೊಂದಾಗಿ ಬಿರಿಯುತ್ತಿದ್ದವು.