ದರ್ಜಿಯ ಮೂವತ್ತು ಇಂಚು

ದರ್ಜಿಯ ಕಾಲು ನೋಯುತ್ತಿತ್ತು. ಹೊಲಿಗೆ ಯಂತ್ರವನ್ನು ಸ್ವಲ್ಪ ಹೊತ್ತು ತುಳಿದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಲ್ಲಿಸಿದರೆ ತಾನಾಗಿಯೇ ಬಿಡುತ್ತಿತ್ತು. ಅರವತ್ತಾರಾಯಿತಲ್ಲ, ವಯಸ್ಸಿನ ನೋವು ಎಂದುಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ ಅವನನ್ನು ಸುಡುತ್ತಿದ್ದದ್ದು ಷಡ್ಡಕನ ಪ್ಯಾಂಟು.

ಈ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಬಸ್ ಡ್ರೈವರಾಗಿದ್ದವನು. ಒಂದು ಕಾಲಕ್ಕೆ ಅವನ ಹೊಟ್ಟೆಗೆ ಸ್ಟೀರಿಂಗ್ ತಾಗುತ್ತಿತ್ತು. ಕೊಲೆಸ್ಟ್ರಾಲ್ ಜಾಸ್ತಿ ಎಂದು ಗೊತ್ತಾದ ಮೇಲೆ ಮಾತ್ರೆ, ನಡಿಗೆ ಶುರುವಾದವು. ಈಗ ಮೂರನೇ ಸಲ ಪ್ಯಾಂಟಿನ ಸೊಂಟ ಸಣ್ಣ ಮಾಡಿಸಲು ಬಂದಿದ್ದ.

"ಅಣ್ಣ, ಇನ್ನೊಂದಿಂಚು ಒಳಗೆ ತಗೊಳ್ಳಿ."

ಒಳಗಿಂದ ದರ್ಜಿಯ ಹೆಂಡತಿ, "ಅವರು ಮೆಟ್ಟಿಲು ಓಡ್ಕೊಂಡೇ ಹತ್ತುತ್ತಾರಂತೆ. ನೀವೋ, ಬೀದಿ ಕೊನೆಗೆ ಹೋಗೋದ್ರಲ್ಲಿ ಎರಡು ಸಲ ಕೂತ್ಕೋತೀರಿ" ಎಂದಳು.

ದರ್ಜಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಕೊರಳ ಟೇಪನ್ನು ತನ್ನ ಸೊಂಟಕ್ಕೇ ಸುತ್ತಿದ. "ನಲವತ್ತು ವರ್ಷದಿಂದ ಮೂವತ್ತೇ ಇಂಚು! ಕೊಬ್ಬು ಕೂರೋಕೆ ನನ್ನ ಮೈಯಲ್ಲಿ ಜಾಗ ಎಲ್ಲಿದೆ?"

ಹೊಲಿದ ಕೋಟು ಒಯ್ಯಲು ಬಂದಿದ್ದ ಆರೋಗ್ಯ ಕೇಂದ್ರದ ನರ್ಸು ನಕ್ಕಳು. "ಅಜ್ಜ, ಟೇಪು ಹೊರಗಷ್ಟೇ ಅಳೆಯುತ್ತೆ. ಕೊಲೆಸ್ಟ್ರಾಲ್ ಕೂರೋದು ರಕ್ತನಾಳದ ಒಳಗೆ. ತೆಳ್ಳಗಿರೋರಿಗೂ ಬರುತ್ತೆ, ಹೇಳದೆ ಕೇಳದೆ. ನಡೆದಾಗ ಕಾಲು ಹಿಡಿದು, ನಿಂತಾಗ ಬಿಟ್ಟರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಸಿಗರೇಟು ಬೇರೆ ಸೇದ್ತೀರಿ."

"ಅದೆಲ್ಲ ದಪ್ಪಗಿರೋರ ಕಾಯಿಲೆ ತಾಯಿ. ಬೇಕಾದ್ರೆ ಇವನ ರಕ್ತ, ನನ್ನ ರಕ್ತ ಪಕ್ಕಪಕ್ಕ ಇಟ್ಟು ನೋಡಿ!"

ಗೆಲ್ಲಲೆಂದೇ ಮರುದಿನ ಷಡ್ಡಕನನ್ನೂ ಎಳೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದ. ವರದಿ ಬಂತು. ಕೆಟ್ಟ ಕೊಲೆಸ್ಟ್ರಾಲ್ ಡ್ರೈವರಿಗೆ ಎಪ್ಪತ್ತೆಂಟು, ದರ್ಜಿಗೆ ನೂರ ಎಂಬತ್ತೆರಡು! ವೈದ್ಯರು ಅವನ ಪಾದದ ನಾಡಿ ಮುಟ್ಟಿ, ಕಾಲಿನ ರಕ್ತದೊತ್ತಡ ಅಳೆದರು. "ರಕ್ತನಾಳ ಕಿರಿದಾಗಿದೆ. ಹೀಗೇ ಬಿಟ್ಟರೆ ಕಾಲಿಗಷ್ಟೇ ಅಲ್ಲ, ಹೃದಯಕ್ಕೂ ಮೆದುಳಿಗೂ ಅಪಾಯ."

ದರ್ಜಿ ಚೀಟಿಯನ್ನು ತಿರುಗಿಸಿ ನೋಡಿದ. "ಅದಲು ಬದಲಾಗಿರಬೇಕು."

ಡ್ರೈವರು ನಗಲಿಲ್ಲ. "ಮೊದಲ ಸಲ ವರದಿ ನೋಡಿದಾಗ ನನಗೂ ಹಾಗೇ ಅನಿಸಿತ್ತು ಅಣ್ಣ. ನಿಮ್ಮ ಯಂತ್ರ ನಿಂತರೆ ನಾನು ಸಡಿಲ ಪ್ಯಾಂಟಲ್ಲೇ ಓಡಾಡಬೇಕಾಗುತ್ತೆ. ನಾಳೆಯಿಂದ ಜೊತೆಗೆ ನಡೆಯೋಣ. ಕಾಲು ಹಿಡಿದರೆ ನಿಲ್ಲೋಣ, ಬಿಟ್ಟ ಮೇಲೆ ಮತ್ತೆ ಹೊರಡೋಣ. ವೈದ್ಯರೂ ಅದನ್ನೇ ಹೇಳಿದ್ದು."

ಹೆಂಡತಿ ಸಿಗರೇಟಿನ ಪೊಟ್ಟಣ ಎಸೆದಳು, ಕರಿದ ತಿಂಡಿ ನಿಲ್ಲಿಸಿದಳು, ತಾನೂ ರಕ್ತ ಪರೀಕ್ಷೆ ಮಾಡಿಸಿಕೊಂಡಳು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ದರ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಮೂರು ತಿಂಗಳಿಗೆ ನೂರ ಎಂಬತ್ತೆರಡು ತೊಂಬತ್ತೈದಾಯಿತು. ಒಂದಿಡೀ ಪ್ಯಾಂಟನ್ನು ನಿಲ್ಲಿಸದೆ ಹೊಲಿಯುವಷ್ಟು ಕಾಲು ಸುಧಾರಿಸಿತು.

ಹೊಟ್ಟೆಕಿಚ್ಚು ಮಾತ್ರ ಇಳಿಯಲಿಲ್ಲ. "ಎಪ್ಪತ್ತೆಂಟಂತೆ! ತಾಳು, ಎಪ್ಪತ್ತರ ಕೆಳಗೇ ಇಳಿಸ್ತೀನಿ" ಎನ್ನುತ್ತ ಷಡ್ಡಕನಿಗಿಂತ ಮೊದಲೇ ಚಪ್ಪಲಿ ಮೆಟ್ಟುತ್ತಿದ್ದ.

ನಿಮ್ಮ ಮನೆಯಲ್ಲೂ "ನಾನು ತೆಳ್ಳಗಿದ್ದೀನಿ, ನನಗೇನು" ಎನ್ನುವ ಹಿರಿಯರಿದ್ದಾರೆಯೇ? ಅವರನ್ನು ಕರೆದುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಪಕ್ಕದ ಮನೆಯವರ ಮೇಲಿನ ಹೊಟ್ಟೆಕಿಚ್ಚಿನಿಂದ ಹೋದರೂ ಪರವಾಗಿಲ್ಲ, ಹೋಗಿ ಬನ್ನಿ.